ಹುಚ್ಚುನಾಯಿ ರೋಗ ಮತ್ತು ಅದರ ನಿವಾರಣೋಪಾಯ

ಕನ್ನಡ ನಾಡಿನಲ್ಲಿ ನಾಯಿಗೂ ಮನುಷ್ಯನಿಗೂ ಇರುವ ನಂಟು ಬಹು ಪ್ರಾಚೀನವಾದುದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಾಸನವು ಇದಕ್ಕೆ ಉಜ್ಜ್ವಲ ಸಾಕ್ಷಿಯಾಗಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು ತನ್ನ ಒಡೆಯನಾದ ಗಂಗ ದೊರೆ ಬೂತುಗನಿಂದ ಬಯಸಿ ಪಡೆದುದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯು ಹೆಗ್ಗಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿದಾಗ ಅದರ ನೆನಪಿಗಾಗಿ ಕಲ್ಲು ನಿಲ್ಲಿಸಲಾಯಿತು, ಭೂಮಿಯನ್ನು ದತ್ತಿ ಬಿಡಲಾಯಿತು. ಮನುಷ್ಯವೀರನಿಗೆ ಸಲ್ಲುವ ಗೌರವ ನಾಯಿಗೂ ಸಂದ ನಾಡು ಇದು.

ಸಾವಿರ ವರ್ಷಗಳು ಕಳೆದರೂ ಈ ನಂಟು ಸಡಿಲಗೊಂಡಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ಚೆಂಡುಹೂವು, ಅರಿಸಿನ, ಈರುಳ್ಳಿ ಬೆಳೆಯುವ ರೈತನು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲು ಕುಳಿತಾಗ ಹಂದಿಯ ಸುಳಿವನ್ನೂ ಆನೆಯ ಹೆಜ್ಜೆಯನ್ನೂ ಅವನಿಗಿಂತ ಮೊದಲು ಅರಿಯುವುದು ಕೆಳಗೆ ಮಲಗಿರುವ ನಾಯಿಯೇ. ಚಾಮರಾಜನಗರದ ಸುತ್ತಣ ಹಳ್ಳಿಗಳಲ್ಲಿ ಕುರಿಮಂದೆಯ ಹಿಂದೆ ಹೋಗುವುದೂ, ಜಗಲಿಯ ಮೇಲೆ ಆಡುವ ಮಕ್ಕಳ ಜೊತೆಗಾರನಾಗಿರುವುದೂ ಅದೇ ನಾಯಿ. ಇಂತಹ ನಂಬಿಗಸ್ತ ಪ್ರಾಣಿಯ ಜೊಲ್ಲಿನಲ್ಲಿಯೇ ಮೃತ್ಯುವು ಅಡಗಿ ಬರುವ ಸಂದರ್ಭವೊಂದಿದೆ. ಅದೇ ಹುಚ್ಚುನಾಯಿ ರೋಗ. ಒಮ್ಮೆ ಲಕ್ಷಣಗಳು ತಲೆದೋರಿದರೆ ಈ ರೋಗಕ್ಕೆ ಖಚಿತವಾದ ಚಿಕಿತ್ಸೆಯಿಲ್ಲ. ಅದಕ್ಕೆ ಮುನ್ನ ಎಚ್ಚೆತ್ತರೆ ಇದರಷ್ಟು ಸುಲಭವಾಗಿ ತಡೆಯಬಹುದಾದ ಘೋರರೋಗವೂ ಮತ್ತೊಂದಿಲ್ಲ. ಈ ಎರಡು ಸಂಗತಿಗಳನ್ನು ಜೊತೆಯಾಗಿ ಮನಗಾಣುವುದು ಪ್ರತಿಯೊಂದು ಮನೆಗೂ ಪ್ರತಿಯೊಂದು ಶಾಲೆಗೂ ಅವಶ್ಯಕವಾಗಿದೆ.

ಪ್ರಾಚೀನರ ಅರಿವು

ಸಂಸ್ಕೃತದಲ್ಲಿ ಹುಚ್ಚು ಹಿಡಿದ ನಾಯಿಗೆ ‘ಅಲರ್ಕ’ ಎಂದು ಹೆಸರು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಅಲರ್ಕವಿಷದ ವಿವರಣೆಯಿದೆ. ನಾಯಿ ಮಾತ್ರವಲ್ಲದೆ ನರಿ, ತೋಳ ಮೊದಲಾದ ಪ್ರಾಣಿಗಳೂ ಹೀಗೆ ಕೆರಳುವುವೆಂಬುದನ್ನು ಆ ಗ್ರಂಥವು ಗುರುತಿಸಿದೆ. ಬಾಲವೂ ದವಡೆಯೂ ಜೋತುಬಿದ್ದು, ಜೊಲ್ಲು ಸುರಿಸುತ್ತ, ಕಿವುಡಾದಂತೆ ಕುರುಡಾದಂತೆ ಪ್ರಾಣಿಯು ಕಂಡಕಂಡಲ್ಲಿ ಓಡುವುದನ್ನು ಅದು ಬಣ್ಣಿಸುತ್ತದೆ. ಕಚ್ಚಿಸಿಕೊಂಡವನು ನೀರನ್ನು ಕಂಡರೆ, ನೀರಿನ ಹೆಸರು ಕೇಳಿದರೆ ಬೆಚ್ಚುವ ಸ್ಥಿತಿಗೆ ‘ಜಲತ್ರಾಸ’ ಎಂಬ ಅನ್ವರ್ಥನಾಮವನ್ನು ಕೊಟ್ಟು, ಆ ಸ್ಥಿತಿಗೆ ಮುಟ್ಟಿದವನು ಬದುಕುವುದಿಲ್ಲವೆಂದು ನಿರ್ಣಯಿಸಿದೆ. ಗ್ರೀಕರೂ ಇದೇ ಅರ್ಥದ ಹೆಸರನ್ನು ಈ ರೋಗಕ್ಕೆ ಇಟ್ಟುದು ಗಮನಾರ್ಹ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿ ಪಶುಚಿಕಿತ್ಸೆಯನ್ನು ದೇಶಭಾಷೆಗೆ ತಂದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಸ್ಥಾವರ ಜಂಗಮ ವಿಷಗಳನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ನಮ್ಮ ಹಿರಿಯರು ಕಣ್ಣಿಗೆ ಕಂಡುದನ್ನು ಮರೆಮಾಚದೆ ಬರೆದಿಟ್ಟರು. ಗುಣವಾಗದುದನ್ನು ಗುಣವಾಗದೆಂದೇ ಹೇಳಿದರು. ಆದರೆ ರೋಗದ ಕಾರಣವು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ವೈರಾಣು ಎಂಬುದು ಆ ಕಾಲಕ್ಕೆ ತಿಳಿಯುವಂತಿರಲಿಲ್ಲ. ಆ ಅರಿವು ಮೂಡಲು, ಅದಕ್ಕೂ ಮೊದಲು ತಡೆಯ ಉಪಾಯ ದೊರೆಯಲು, ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಪಾಶ್ಚರನ ಮೊಲಗಳು

ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರನು ತನ್ನ ಸಹಾಯಕನಾದ ಎಮಿಲ್ ರೂನೊಡನೆ ಈ ರೋಗದ ಬೆನ್ನು ಹತ್ತಿದಾಗ ಅವನಿಗೆ ಒದಗಿದುದು ಮೊಲ. ರೋಗದ ಅಂಶವನ್ನು ಒಂದು ಮೊಲದಿಂದ ಇನ್ನೊಂದು ಮೊಲಕ್ಕೆ ಸಾಲಾಗಿ ದಾಟಿಸುತ್ತ ಹೋದಂತೆ, ಅದು ನಿಶ್ಚಿತ ದಿನಗಳಲ್ಲಿ ಫಲಿಸುವ ಸ್ಥಿರಸ್ವಭಾವವನ್ನು ತಾಳಿತು. ಅಂತಹ ಮೊಲದ ಬೆನ್ನುಹುರಿಯನ್ನು ಸೀಸೆಯೊಳಗೆ ಒಣಗಿಸಿದರೆ ದಿನದಿನಕ್ಕೂ ಅದರ ಉಗ್ರತೆ ಕುಂದುವುದೆಂದು ಪಾಶ್ಚರನು ಕಂಡುಕೊಂಡನು. ಹೆಚ್ಚು ದಿನ ಒಣಗಿದ, ಶಕ್ತಿಗುಂದಿದ ಅಂಶವನ್ನು ಮೊದಲು, ಬಳಿಕ ಕ್ರಮಕ್ರಮವಾಗಿ ಹೆಚ್ಚು ಉಗ್ರವಾದುದನ್ನು ಚುಚ್ಚಿದರೆ ದೇಹವು ರೋಗವನ್ನು ಎದುರಿಸಲು ಸಿದ್ಧವಾಗುತ್ತದೆ ಎಂಬುದು ಅವನ ಸಿದ್ಧಾಂತ.

1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನನ್ನು ಅವನ ತಾಯಿ ಪಾಶ್ಚರನ ಬಳಿಗೆ ಕರೆತಂದಳು. ಹುಚ್ಚುನಾಯಿಯು ಅವನನ್ನು ಹಲವು ಕಡೆ ಕಚ್ಚಿತ್ತು. ಹತ್ತು ದಿನಗಳ ಅವಧಿಯಲ್ಲಿ ಹದಿಮೂರು ಚುಚ್ಚುಮದ್ದುಗಳನ್ನು ಕೊಡಲಾಯಿತು. ಬಾಲಕನು ಬದುಕಿದನು. ಆ ಯಶಸ್ಸಿನ ರಹಸ್ಯವನ್ನು ತಿಳಿಯುವುದು ಮುಖ್ಯ. ಪಾಶ್ಚರನು ರೋಗವನ್ನು ಗುಣಪಡಿಸಲಿಲ್ಲ. ರೋಗವು ಮಿದುಳನ್ನು ಮುಟ್ಟುವ ಮೊದಲೇ ದೇಹವನ್ನು ಎಚ್ಚರಿಸಿದನು. ಇಂದಿನ ಚಿಕಿತ್ಸೆಯೂ ಈ ತತ್ತ್ವವನ್ನೇ ಅವಲಂಬಿಸಿದೆ.

ಇಲ್ಲೊಂದು ಮಾತನ್ನು ಹೇಳಬೇಕು. ಮೊಲವು ಪ್ರಯೋಗಶಾಲೆಯಲ್ಲಿ ಈ ರೋಗಕ್ಕೆ ಈಡಾದರೂ, ಮನೆಯಲ್ಲಿ ಸಾಕಿದ ಮೊಲದಿಂದಾಗಲಿ ಅಳಿಲು ಇಲಿಗಳಿಂದಾಗಲಿ ಮನುಷ್ಯನಿಗೆ ಈ ರೋಗ ತಗಲುವುದು ಅತ್ಯಂತ ವಿರಳ. ಜಗತ್ತಿನಲ್ಲಿ ಮನುಷ್ಯರಿಗೆ ಬರುವ ಈ ರೋಗದ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ ಬರುತ್ತದೆ. ಬೆಕ್ಕು, ನರಿ, ಕಡಿತಕ್ಕೊಳಗಾದ ದನಕರುಗಳು ಆಮೇಲಿನವು.

ಕೂನೂರಿನ ದಾರಿ

ಭಾರತದಲ್ಲಿ ಪಾಶ್ಚರನ ಚಿಕಿತ್ಸೆಗೆ ಮೊದಲು ನೆಲೆಯಾದುದು ಹಿಮಾಲಯದ ತಪ್ಪಲಿನ ಕಸೌಲಿ. ಅಲ್ಲಿ 1900ರಲ್ಲಿ ಸಂಸ್ಥೆ ಆರಂಭವಾಯಿತು. ದಕ್ಷಿಣದವರಿಗೆ ಅದು ನಿಲುಕದ ದೂರ. ಕಚ್ಚಿದ ಗಾಯಕ್ಕೂ ಕಸೌಲಿಗೂ ನಡುವೆ ಕಳೆಯುವ ದಿನಗಳೇ ಎಷ್ಟೋ ಜೀವಗಳಿಗೆ ಮುಳುವಾಗುವಂತಿದ್ದುವು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ನೀಡಿದ ಧನದ ನೆರವಿನಿಂದ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಆರಂಭವಾದುದು ಇಂತಹ ಸನ್ನಿವೇಶದಲ್ಲಿ. ಸಮುದ್ರದಾಚೆಯ ಒಬ್ಬ ದಾನಿಯ ಹಣವು ಆತನು ಎಂದೂ ಕಾಣದ ಹಳ್ಳಿಗಳ ಮಕ್ಕಳ ಪ್ರಾಣಕ್ಕೆ ಒದಗಿತು. ವಿದ್ಯೆಗಾಗಿ, ಆರೋಗ್ಯಕ್ಕಾಗಿ ಕೊಟ್ಟ ದಾನವು ಎಲ್ಲಿ ಯಾರಿಗೆ ಫಲಿಸುವುದೆಂದು ಕೊಟ್ಟವನೂ ಅರಿಯಲಾರನು.

ಗುಂಡ್ಲುಪೇಟೆಗೆ ಈ ಕೂನೂರು ನೆರೆಯ ಊರೇ ಸರಿ. ಬಂಡೀಪುರ, ಮುದುಮಲೈ ಅರಣ್ಯಗಳನ್ನು ದಾಟಿ, ಘಟ್ಟ ಹತ್ತಿ, ಉದಕಮಂಡಲವನ್ನು ಹಾದರೆ ಮುಂದೆ ಸಿಗುವುದೇ ಕೂನೂರು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಕುರಿಯ ಮಿದುಳಿನಿಂದ ಬೇರೊಂದು ಬಗೆಯ ಲಸಿಕೆಯನ್ನು ಸಿದ್ಧಪಡಿಸಿದ ಮೇಲೆ, ಅದನ್ನು ದೂರದ ಆಸ್ಪತ್ರೆಗಳಿಗೂ ಕಳುಹಿಸಿ ಕೊಡುವುದು ಸಾಧ್ಯವಾಯಿತು. ಹೊಟ್ಟೆಯ ಮೇಲೆ ದಿನವೂ ಒಂದರಂತೆ ಚುಚ್ಚಿಸಿಕೊಳ್ಳಬೇಕಾಗಿದ್ದ ಆ ಸಾಲುಸಾಲು ಸೂಜಿಗಳ ನೆನಪು ಹಿಂದಿನ ತಲೆಮಾರಿನವರಲ್ಲಿ ಇನ್ನೂ ಮಾಸಿಲ್ಲ. ಆ ಭಯದಿಂದಲೇ ಚಿಕಿತ್ಸೆಗೆ ಹಿಂಜರಿಯುವವರು ಇಂದಿಗೂ ಉಂಟು. ಆ ಲಸಿಕೆಯಿಂದ ಕೆಲವರಿಗೆ ನರಗಳ ತೊಂದರೆಯೂ ಉಂಟಾಗುತ್ತಿತ್ತು. ಭಾರತದಲ್ಲಿ 2004ರ ಅಂತ್ಯದ ವೇಳೆಗೆ ಅದರ ತಯಾರಿಕೆಯನ್ನು ನಿಲ್ಲಿಸಲಾಯಿತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಶುದ್ಧವಾದ ಲಸಿಕೆ. ಅದನ್ನು ತೋಳಿಗೆ ಕೊಡುತ್ತಾರೆ, ಸೂಜಿಗಳೂ ಕೆಲವೇ. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಅದನ್ನು ನಿರ್ಭಯವಾಗಿ ಕೊಡಬಹುದು. ಹೊಟ್ಟೆಯ ಮೇಲಿನ ಸೂಜಿಯ ಭಯವು ಇನ್ನು ಇತಿಹಾಸಕ್ಕೆ ಸೇರಬೇಕು.

ರೋಗದ ಗತಿ

ಈ ವೈರಾಣು ಹುಚ್ಚುನಾಯಿಯ ಜೊಲ್ಲಿನಲ್ಲಿರುತ್ತದೆ. ಕಚ್ಚಿದಾಗ, ಉಗುರಿನಿಂದ ಪರಚಿದಾಗ, ತೆರೆದ ಗಾಯವನ್ನೋ ಕಣ್ಣು ಬಾಯಿಗಳ ಒಳಪದರವನ್ನೋ ನೆಕ್ಕಿದಾಗ ಅದು ದೇಹವನ್ನು ಹೊಗುತ್ತದೆ. ಅಲ್ಲಿಂದ ರಕ್ತದ ಮೂಲಕವಲ್ಲ, ನರಗಳ ಮೂಲಕ ಮೆಲ್ಲಮೆಲ್ಲನೆ ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಈ ಪಯಣಕ್ಕೆ ಒಂದರಿಂದ ಮೂರು ತಿಂಗಳು. ಕೆಲವೊಮ್ಮೆ ಇನ್ನೂ ಹೆಚ್ಚು. ಮುಖ, ಕುತ್ತಿಗೆ, ಕೈಬೆರಳುಗಳ ಗಾಯವಾದರೆ ಕಾಲ ಕಡಮೆ. ನಾಯಿಯ ಮುಖದ ಎತ್ತರಕ್ಕೆ ಸಮನಾಗಿರುವ ಮಕ್ಕಳಿಗೆ ತಲೆ ಮುಖಗಳ ಮೇಲೆಯೇ ಕಡಿತವಾಗುವುದು ಹೆಚ್ಚಾದುದರಿಂದ ಅವರಿಗೆ ಅಪಾಯವೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗಕ್ಕೆ ಬಲಿಯಾಗುತ್ತಾರೆ; ಅವರಲ್ಲಿ ಹತ್ತಕ್ಕೆ ನಾಲ್ವರು ಹದಿನೈದು ವರ್ಷದೊಳಗಿನ ಮಕ್ಕಳು.

ವೈರಾಣು ಹಾದುಬರುವ ದಾರಿಯಲ್ಲಿ ಮೂರು ಬಾಗಿಲುಗಳಿವೆಯೆಂದು ಭಾವಿಸಬಹುದು. ಮೊದಲನೆಯದು ನಾಯಿ, ಎರಡನೆಯದು ಗಾಯ, ಮೂರನೆಯದು ಮಿದುಳು. ಮೊದಲ ಎರಡು ಬಾಗಿಲುಗಳ ಅಗುಳಿ ಮನುಷ್ಯನ ಕೈಯಲ್ಲಿದೆ. ಮೂರನೆಯದನ್ನು ಹೊಕ್ಕ ಮೇಲೆ ವೈದ್ಯರು ಕೂಡ ನೋವನ್ನು ತಗ್ಗಿಸಬಲ್ಲರಲ್ಲದೆ ಪ್ರಾಣವನ್ನು ಉಳಿಸಲಾರರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಈ ರೋಗಕ್ಕೆ ಒಪ್ಪುವಷ್ಟು ಮತ್ತೊಂದಕ್ಕೆ ಒಪ್ಪಲಾರದು.

ಪ್ರಾಣಿಗಳಲ್ಲಿ ಲಕ್ಷಣಗಳು

ನಾಯಿಯ ಸ್ವಭಾವದಲ್ಲಾಗುವ ಬದಲಾವಣೆಯೇ ಮೊದಲ ಸೂಚನೆ. ಸೌಮ್ಯವಾದ ನಾಯಿ ಕೆರಳುತ್ತದೆ. ಚುರುಕಾದುದು ಮೂಲೆ ಹಿಡಿಯುತ್ತದೆ. ಅನ್ನ ಬಿಟ್ಟು ಮಣ್ಣು, ಕಡ್ಡಿ, ಕಲ್ಲುಗಳನ್ನು ಕಚ್ಚುತ್ತದೆ. ಬೊಗಳುವ ದನಿ ಒಡೆದು ಬೇರೆಯಾಗುತ್ತದೆ. ಉಗ್ರರೂಪದಲ್ಲಿ ಕಂಡವರನ್ನೆಲ್ಲ ಕಚ್ಚುತ್ತ ಮೈಲಿಗಟ್ಟಲೆ ಓಡುತ್ತದೆ. ಮೂಕರೂಪವು ಇನ್ನೂ ಮೋಸಕರವಾದುದು. ಅದರಲ್ಲಿ ನಾಯಿ ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ ಸುಮ್ಮನೆ ಬಿದ್ದಿರುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿತೆಂದು ಬಗೆದು ಮನೆಯವರು ಬಾಯೊಳಗೆ ಕೈಹಾಕುವುದು ಆಗಲೇ. ರೋಗ ಕಾಣಿಸಿಕೊಂಡ ನಾಯಿ ಹತ್ತು ದಿನಗಳೊಳಗೆ ಸಾಯುತ್ತದೆ.

ರೈತರು ದನಗಳ ವಿಷಯದಲ್ಲಿಯೂ ಇಷ್ಟೇ ಜಾಗರೂಕರಾಗಿರಬೇಕು. ಹುಚ್ಚುನಾಯಿಯೋ ನರಿಯೋ ಕಚ್ಚಿದ ಹಸು ಕೆಲವು ವಾರಗಳ ಬಳಿಕ ಮೇವು ಬಿಡುತ್ತದೆ, ಒಡಕು ದನಿಯಲ್ಲಿ ಬಿಡದೆ ಅರಚುತ್ತದೆ, ಜೊಲ್ಲು ಸುರಿಸುತ್ತದೆ, ನೀರು ನುಂಗಲಾರದು. ಇಂತಹ ಹಸುವಿನ ಬಾಯಿಗೆ ಕೈಹಾಕಿ ಗೊಟ್ಟ ಹಿಡಿದು ಮದ್ದು ಎರೆಯಲು ಹೋಗುವುದು ಪ್ರಾಣಾಪಾಯಕರ. ಅದರ ಹಸಿಹಾಲನ್ನು ಬಳಸಬಾರದು. ಪಶುವೈದ್ಯರಿಗೆ ತಿಳಿಸಿ, ಸತ್ತ ಮೇಲೆ ಚರ್ಮ ಸುಲಿಯದೆ ಆಳವಾದ ಗುಂಡಿಯಲ್ಲಿ ಹೂಳಬೇಕು. ದನವನ್ನು ಹುಚ್ಚುನಾಯಿ ಕಚ್ಚಿದ್ದು ಕಣ್ಣಿಗೆ ಬಿದ್ದರೆ, ಲಕ್ಷಣಕ್ಕಾಗಿ ಕಾಯದೆ ಆ ದಿನವೇ ಪಶು ಆಸ್ಪತ್ರೆಯಲ್ಲಿ ಲಸಿಕೆಯ ಸಾಲನ್ನು ಆರಂಭಿಸಬೇಕು.

ಕಚ್ಚಿದ ಕೂಡಲೇ ಮಾಡತಕ್ಕದ್ದು

ಎರಡನೆಯ ಬಾಗಿಲನ್ನು ಮುಚ್ಚುವ ಕ್ರಮ ಸರಳವಾಗಿದೆ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ಚೆನ್ನಾಗಿ ತೊಳೆಯಬೇಕು. ಈ ವೈರಾಣುವಿನ ಹೊರಪದರ ಕೊಬ್ಬಿನಿಂದಾದುದು. ಸೋಪು ಅದನ್ನು ಒಡೆಯುತ್ತದೆ. ಕೊಳವೆಬಾವಿಯ ಬಳಿಯಲ್ಲೋ ಮನೆಯ ನಲ್ಲಿಯಲ್ಲೋ ಮಾಡಿದ ಈ ಒಂದು ಕೆಲಸ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಬಳಿಕ ಅಯೋಡಿನ್‌ನಂತಹ ಕ್ರಿಮಿನಾಶಕವನ್ನು ಹಚ್ಚಬಹುದು. ಗಾಯವನ್ನು ಸುಡಬಾರದು, ಬಿಗಿಯಾಗಿ ಕಟ್ಟಬಾರದು, ಅವಸರದಿಂದ ಹೊಲಿಗೆ ಹಾಕಿಸಬಾರದು.

ಆಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಚರ್ಮ ಹರಿದು ರಕ್ತ ಬಂದ ಗಾಯವಾಗಿದ್ದರೆ ಲಸಿಕೆಯೊಂದೇ ಸಾಲದು. ಲಸಿಕೆಯಿಂದ ದೇಹದಲ್ಲಿ ರಕ್ಷಣೆ ಮೂಡಲು ಕೆಲವು ದಿನಗಳು ಬೇಕಾಗುವುದರಿಂದ, ಆ ಅವಧಿಗಾಗಿ ಸಿದ್ಧರಕ್ಷಕವಾದ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧವನ್ನು ಗಾಯದೊಳಗೂ ಸುತ್ತಲೂ ಚುಚ್ಚುತ್ತಾರೆ. ಅದನ್ನು ಮರೆಯದೆ ಕೇಳಿ ಪಡೆಯಬೇಕು. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಬಳಿಕ 3, 7, 14 ಮತ್ತು 28ನೆಯ ದಿನಗಳಲ್ಲಿ, ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನಗಳಲ್ಲಿ ಲಸಿಕೆ ಕೊಡಲಾಗುತ್ತದೆ. ಗಾಯ ಮಾಯಿತೆಂದು ನಡುವೆ ಬಿಟ್ಟುಬಿಡುವುದು ಅರ್ಧ ಕಟ್ಟಿದ ಏರಿಯನ್ನು ನೆಚ್ಚಿ ಕೆರೆ ತುಂಬಿಸಿದಂತೆ. ಕಚ್ಚಿದ ನಾಯಿ ಪರಿಚಿತವಾದುದಾದರೆ ಅದನ್ನು ಕೊಲ್ಲದೆ ಹತ್ತು ದಿನ ಕಟ್ಟಿ ನೋಡಬೇಕು. ಅದು ಆರೋಗ್ಯವಾಗಿದ್ದರೆ ಮುಂದಿನ ಚಿಕಿತ್ಸೆಯನ್ನು ಬದಲಿಸುವ ವಿಚಾರ ವೈದ್ಯರದು. ಆದರೆ ನಾಯಿಯನ್ನು ನೋಡುತ್ತ ಚಿಕಿತ್ಸೆಯನ್ನು ಮುಂದೂಡುವುದು ಸಲ್ಲದು. ನಿರೀಕ್ಷಣೆ, ಚಿಕಿತ್ಸೆ ಎರಡೂ ಒಂದೇ ದಿನ ಆರಂಭವಾಗಬೇಕು.

ನಾಟಿಮದ್ದಿನ ಭ್ರಮೆ

ಗಾಯಕ್ಕೆ ಸುಣ್ಣ, ಖಾರದ ಪುಡಿ, ಅರಿಸಿನ, ಸೊಪ್ಪಿನ ರಸ ಹಚ್ಚುವುದು, ಮಂತ್ರಿಸಿದ ದಾರ ಕಟ್ಟಿಸುವುದು ಹಲವೆಡೆ ಇನ್ನೂ ನಡೆದುಬಂದಿದೆ. ಇವುಗಳಿಂದ ಬದುಕಿದವರುಂಟಲ್ಲ ಎಂದು ವಾದಿಸುವವರಿದ್ದಾರೆ. ಆ ವಾದವನ್ನು ತಳ್ಳಿಹಾಕದೆ ಪರಿಶೀಲಿಸುವುದು ಲೇಸು. ಕಚ್ಚುವ ನಾಯಿಗಳಲ್ಲಿ ಬಹುಪಾಲು ಹುಚ್ಚುನಾಯಿಗಳಲ್ಲ. ಹುಚ್ಚುನಾಯಿಯೇ ಕಚ್ಚಿದರೂ ಪ್ರತಿಯೊಂದು ಕಡಿತವೂ ರೋಗವಾಗಿ ಪರಿಣಮಿಸುವುದಿಲ್ಲ. ಬಟ್ಟೆಯ ಮೇಲಿನಿಂದ ಕಚ್ಚಿದಾಗ ಜೊಲ್ಲು ಅಲ್ಲಿಯೇ ಉಳಿಯಬಹುದು. ಹೀಗೆ ರೋಗ ಬಾರದೆ ಇದ್ದವರೆಲ್ಲರ ಕೀರ್ತಿಯೂ ಮದ್ದಿಗೆ ಸಲ್ಲುತ್ತದೆ. ರೋಗ ಬಂದು ಸತ್ತವರು ಮಾತ್ರ ಬಂದು ಸಾಕ್ಷಿ ನುಡಿಯಲಾರರು. ಉರಿಯುವ ಖಾರ, ಸುಣ್ಣಗಳು ಗಾಯವನ್ನು ಕೆರಳಿಸುವುದಲ್ಲದೆ, ತೊಳೆಯಬೇಕಾಗಿದ್ದ ಅಮೂಲ್ಯ ಸಮಯವನ್ನೂ ನುಂಗುತ್ತವೆ. ಹಿರಿಯರ ಮೇಲಿನ ಗೌರವಕ್ಕೂ ಈ ವಿವೇಕಕ್ಕೂ ವಿರೋಧವಿಲ್ಲ. ಸುಶ್ರುತನೇ ಜಲತ್ರಾಸವನ್ನು ಅಸಾಧ್ಯವೆಂದು ಹೇಳಿರುವಾಗ, ಅದನ್ನು ಗುಣಪಡಿಸುವೆನೆನ್ನುವವನು ಶಾಸ್ತ್ರವನ್ನೂ ಮೀರಿ ನುಡಿದಂತಾಗುತ್ತದೆ.

ಮೂಲದಲ್ಲಿಯೇ ತಡೆ

ಎಲ್ಲಕ್ಕಿಂತ ಉತ್ತಮವಾದುದು ಮೊದಲ ಬಾಗಿಲನ್ನೇ ಭದ್ರಪಡಿಸುವುದು. ಮರಿಗೆ ಮೂರು ತಿಂಗಳು ತುಂಬಿದಾಗ ಲಸಿಕೆ, ಪಶುವೈದ್ಯರು ಹೇಳಿದ ದಿನ ಮತ್ತೊಂದು, ಬಳಿಕ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿದರೆ ನಾಯಿ ಸುರಕ್ಷಿತ. ಬೆಕ್ಕಿಗೂ ಇದೇ ಕ್ರಮ. ಮನೆಯೊಳಗೆ ಕಟ್ಟಿರುವ ನಾಯಿಗೆ ಲಸಿಕೆ ಬೇಡವೆಂಬುದು ತಪ್ಪು ತಿಳಿವಳಿಕೆ. ಬೇಲಿ ಹಾರಿ ಬಂದ ಒಂದು ನಾಯಿ ಸಾಕು. ಹೊಲದ ಕಾವಲಿಗೆ ಬಿಟ್ಟ ನಾಯಿಗಳಂತೂ ನರಿಗಳು ಸುಳಿಯುವ ಕಾಡಂಚಿನಲ್ಲಿಯೇ ಇರುವುದರಿಂದ ಅವಕ್ಕೆ ಲಸಿಕೆ ಇನ್ನೂ ಅಗತ್ಯ. ಊರಿನ ನಾಯಿಗಳಿಗೆ ಹಾಕಿಸಿದ ಲಸಿಕೆ ಬಂಡೀಪುರದ ಕಾಡಿನಲ್ಲಿರುವ ಕೆನ್ನಾಯಿಗಳಿಗೂ ಪರೋಕ್ಷವಾಗಿ ರಕ್ಷೆಯಾಗುತ್ತದೆ.

ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ದೊರೆತರೆ ರೋಗದ ಸರಪಳಿ ತುಂಡಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಒಡೆಯರಿಲ್ಲದ ಬೀದಿನಾಯಿಗಳೂ ಈ ಎಣಿಕೆಯಲ್ಲಿ ಸೇರಬೇಕು. ಅವುಗಳನ್ನು ಕೊಲ್ಲುವುದರಿಂದ ಪ್ರಯೋಜನವಿಲ್ಲ. ಕೊಂದ ನಾಯಿಗಳ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬರುತ್ತವೆ. ಲಸಿಕೆ ಪಡೆದ ನಾಯಿ ಬೀದಿಯಲ್ಲಿದ್ದರೆ ಅದೇ ಒಂದು ಗೋಡೆ. ದಯೆಯೂ ವಿಜ್ಞಾನವೂ ಇಲ್ಲಿ ಒಂದೇ ದಾರಿಯನ್ನು ತೋರಿಸುತ್ತವೆ. ನೆರೆಯ ಗೋವಾ ರಾಜ್ಯವು ಇದನ್ನು ಆಚರಣೆಯಲ್ಲಿ ತೋರಿಸಿಕೊಟ್ಟಿದೆ. ಅಲ್ಲಿ ಬೀದಿಬೀದಿಗೂ ಹೋಗಿ ನಾಯಿಗಳಿಗೆ ಲಸಿಕೆ ಹಾಕಿ, ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿದುದರ ಫಲವಾಗಿ 2018ರಿಂದ ಕೆಲವು ವರ್ಷಗಳ ಕಾಲ ಈ ರೋಗದಿಂದ ಒಂದು ಮಾನವಸಾವೂ ವರದಿಯಾಗಲಿಲ್ಲ. ಕರ್ನಾಟಕ ಸರ್ಕಾರವು 2022ರಲ್ಲಿ ಮನುಷ್ಯರಲ್ಲಿ ಕಾಣುವ ಈ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. 2030ರೊಳಗೆ ನಾಯಿಯಿಂದ ಬರುವ ಈ ರೋಗವನ್ನು ದೇಶದಿಂದ ತೊಲಗಿಸುವ ರಾಷ್ಟ್ರೀಯ ಯೋಜನೆಯು 2021ರಲ್ಲಿ ಪ್ರಕಟವಾಗಿದೆ.

ವಿದ್ಯಾಲಯದ ಹೊಣೆ

ಯೋಜನೆಗಳು ಎಷ್ಟೇ ಇದ್ದರೂ ಅವು ಫಲಿಸುವುದು ಮಗುವೊಂದು ಮನೆಗೆ ಬಂದು ‘ನಾಯಿ ಪರಚಿತು’ ಎಂದು ಹೇಳಿದಾಗ. ಬಹುಮಟ್ಟಿಗೆ ಮಕ್ಕಳು ಅದನ್ನು ಹೇಳುವುದಿಲ್ಲ. ನಾಯಿಮರಿಯೊಡನೆ ಆಡಿದುದಕ್ಕೆ ಬೈಗುಳವಾಗುವುದೆಂದು, ಸೂಜಿ ಚುಚ್ಚಿಸುವರೆಂದು ಹೆದರಿ ತೋಳಿನ ಗೀರನ್ನು ಅಂಗಿಯೊಳಗೆ ಮರೆಸಿಕೊಳ್ಳುತ್ತಾರೆ. ಗೀರು ಎರಡು ದಿನದಲ್ಲಿ ಮಾಯುತ್ತದೆ; ಎರಡು ತಿಂಗಳ ಮೇಲೆ ಮಗು ನೀರಿನ ಲೋಟವನ್ನು ಕಂಡು ಬೆದರುತ್ತದೆ. ಆಗ ತಾಯಿತಂದೆಗಳು ಯಾವ ನಾಯಿ, ಎಂದು, ಎಲ್ಲಿ ಎಂದು ಕೇಳುವ ಪ್ರಶ್ನೆಗಳಿಗೆ ಉತ್ತರ ದೊರೆತರೂ ಪ್ರಯೋಜನವಿರುವುದಿಲ್ಲ. ಆದುದರಿಂದ ಉಪಾಧ್ಯಾಯರು ಮೊದಲು ಕಲಿಸಬೇಕಾದ ಪಾಠ, ನಾಯಿ ಕಚ್ಚಿದುದು ತಪ್ಪಲ್ಲ, ಹೇಳದಿರುವುದೇ ತಪ್ಪು ಎಂಬುದು. ಹೇಳಿದ ಮಗುವನ್ನು ಗದರಿಸದೆ, ಮೊದಲು ನಲ್ಲಿಯ ಬಳಿಗೆ ಕರೆದೊಯ್ಯುವುದು ಹಿರಿಯರ ಧರ್ಮ.

ತಿನ್ನುತ್ತಿರುವ, ಮಲಗಿರುವ, ಮರಿಗಳಿಗೆ ಹಾಲೂಡುತ್ತಿರುವ ನಾಯಿಯನ್ನು ಕೆಣಕಬಾರದೆಂಬುದನ್ನೂ, ಅಪರಿಚಿತ ನಾಯಿ ಬಳಿಗೆ ಬಂದರೆ ಓಡದೆ ಕೈಕಟ್ಟಿ ಅಲುಗಾಡದೆ ನಿಲ್ಲಬೇಕೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಪಾಶ್ಚರನು ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸಲಾಗುತ್ತಿದೆ. ಆ ದಿನ ಶಾಲೆಯ ಆವರಣದಲ್ಲಿ ಪಶುವೈದ್ಯರ ನೆರವಿನಿಂದ ಲಸಿಕೆಯ ಶಿಬಿರವನ್ನು ಏರ್ಪಡಿಸಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ನಾಯಿಯನ್ನು ಹಿರಿಯರೊಡನೆ ಕರೆತರುವಂತೆ ಮಾಡಿದರೆ, ವರ್ಷಕ್ಕೊಮ್ಮೆ ಬರುವ ಲಸಿಕೆಯ ದಿನ ಯಾರಿಗೂ ಮರೆಯದು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರೂ ಪಶುವೈದ್ಯರೂ ಆಗಿರುವವರು ಆ ಒಂದು ದಿನವನ್ನು ತಮ್ಮ ಹಳ್ಳಿಗಳಿಗೆ ಮೀಸಲಿಡಬಹುದು. ದಾನಿಗಳು ನೀಡುವ ಹಣದಲ್ಲಿ ಒಂದು ಅಲ್ಪಭಾಗವು ಲಸಿಕೆಗೂ, ಶಾಲೆಯ ನಲ್ಲಿಯ ಬಳಿ ಸದಾ ಇರಬೇಕಾದ ಸೋಪಿಗೂ ಸಲ್ಲಬಹುದು.

ಆತಕೂರಿನ ಜನರು ತಮಗಾಗಿ ಹೋರಾಡಿದ ನಾಯಿಗೆ ಕಲ್ಲು ನಿಲ್ಲಿಸಿ ಋಣ ತೀರಿಸಿದರು. ಇಂದು ಹೊಲವನ್ನೂ ಹಟ್ಟಿಯನ್ನೂ ಕಾಯುವ ನಾಯಿಗೆ ಕಲ್ಲು ಬೇಕಾಗಿಲ್ಲ, ವರ್ಷಕ್ಕೊಂದು ಸೂಜಿ ಸಾಕು. ನಾಯಿಯ ಮೈಗೆ ಚುಚ್ಚಿದ ಆ ಸೂಜಿಯೇ ಜಗಲಿಯ ಮೇಲೆ ಆಡುವ ಮಗುವಿಗೆ ಕಟ್ಟಿದ ರಕ್ಷೆ. ಗುಂಡ್ಲುಪೇಟೆ ಚಾಮರಾಜನಗರಗಳ ಯಾವ ಮನೆಯಲ್ಲಿಯೂ ಮಗುವೊಂದು ನೀರನ್ನು ಕಂಡು ಬೆದರುವ ದಿನ ಬಾರದಿರಲಿ.